ಹೊತಾರು-ಇಕಾ ಇರುವ ಕೊಲ್ಲಿಗೆ

ಸೋಮವಾರ

ಟೋಕಿಯೊದಿಂದ ಹೊರಡುವ ಹೊಕುರಿಕು ಶಿನ್‌ಕಾನ್ಸೆನ್ ರೈಲು ನಾಗಾನೊ ದಾಟಿದ ಮೇಲೆ ಬಹುಪಾಲು ಸುರಂಗಗಳೊಳಗೇ ಓಡುತ್ತದೆ. 2015ರಲ್ಲಿ ತೊಯಾಮಾ ಮತ್ತು ಕಾನಾಜಾವಾಗಳವರೆಗೆ ವಿಸ್ತರಿಸಿದ ಈ ಹಳಿಯ ಮೇಲೆ ಪೆಸಿಫಿಕ್ ಬದಿಯಿಂದ ಜಪಾನ್ ಸಮುದ್ರದ ಬದಿಗೆ ಬರಲು ಎರಡು ಗಂಟೆಗಿಂತ ತುಸು ಹೆಚ್ಚು ಹೊತ್ತು ಸಾಕು. ಟೋಕಿಯೊದಲ್ಲಿ ಕೆಲಸದಲ್ಲಿರುವ ಮಗಳು ರಜೆ ಹಾಕಿ ನನ್ನೊಡನೆ ಹೊರಟಿದ್ದಳು. ಉಡುಪಿ ಕಡೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಏಪ್ರಿಲ್ ತಿಂಗಳನ್ನು ಜಪಾನಿನಲ್ಲಿ ಕಳೆಯುವ ಅವಕಾಶ ಒದಗಿದಾಗ ಚೆರ್ರಿ ಹೂವಿಗಿಂತ ಮೊದಲು ನೆನಪಾದದ್ದು ವಾತಾಸೇನಿಯಾ ಸಿಂಟಿಲನ್ಸ್ ಎಂಬ ಪುಟ್ಟ ಸ್ಕ್ವಿಡ್, ಆಕ್ಟೋಪಸ್ ಬಳಗದ ಕಡಲಪ್ರಾಣಿ. ಜಪಾನೀಯರು ಅದನ್ನು ಹೊತಾರು-ಇಕಾ, ಅಂದರೆ ಮಿಂಚುಹುಳದ ಸ್ಕ್ವಿಡ್, ಎನ್ನುತ್ತಾರೆ. ಮಾರ್ಚ್‌ನಿಂದ ಜೂನ್‌ವರೆಗಿನ ರಾತ್ರಿಗಳಲ್ಲಿ ಅದು ಆಳದಿಂದ ದಡದ ಸಮೀಪಕ್ಕೆ ಬರುವ ಜಾಗವೆಂದು ಹೆಸರಾದದ್ದು ತೊಯಾಮಾ ಕೊಲ್ಲಿ.

ತೊಯಾಮಾದಲ್ಲಿ ಇಳಿದು ಸ್ಥಳೀಯ ರೈಲಿನಲ್ಲಿ ನಮೆರಿಕಾವಾ ಎಂಬ ಚಿಕ್ಕ ಊರಿಗೆ ಬಂದೆವು. ಊರಿನ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ 3,000 ಮೀಟರ್ ಮೀರಿದ ತಾತೆಯಾಮಾ ಶಿಖರಸಾಲು. ಏಪ್ರಿಲ್‌ನಲ್ಲೂ ಬೆಟ್ಟದ ಮೇಲರ್ಧ ಪೂರ್ತಿ ಬೆಳ್ಳಗಿತ್ತು. ಪ್ರವಾಸಿಗರು ಸಹಜವಾಗಿಯೇ ಬೆಟ್ಟದ ಕಡೆ ತಿರುಗಿ ನಿಂತು ಫೋಟೊ ತೆಗೆಯುತ್ತಾರೆ. ಆದರೆ ಈ ಇಳಿಜಾರು ದಡದಲ್ಲಿ ನಿಲ್ಲುವುದಿಲ್ಲ. ನೀರಿನೊಳಗೂ ಅದೇ ರಭಸದಲ್ಲಿ ಇಳಿದು 1,000 ಮೀಟರಿಗೂ ಆಳವಾದ ಕೊಲ್ಲಿಯ ತಳವನ್ನು ಮುಟ್ಟುತ್ತದೆ. ಶಿಖರದ ತುದಿಯಿಂದ ಕೊಲ್ಲಿಯ ತಳಕ್ಕೆ ಲೆಕ್ಕ ಹಾಕಿದರೆ ಸುಮಾರು 4,000 ಮೀಟರುಗಳ ಏರಿಳಿತವು ಕೆಲವೇ ಹತ್ತು ಕಿಲೋಮೀಟರುಗಳೊಳಗೆ ಮುಗಿದುಹೋಗುತ್ತದೆ.

ನಮ್ಮ ಕರಾವಳಿಯನ್ನು ನೋಡಿ ಬೆಳೆದವರಿಗೆ ಇದನ್ನು ಕಲ್ಪಿಸಿಕೊಳ್ಳುವುದು ಸುಲಭವಲ್ಲ. ಮಲ್ಪೆಯಿಂದ ಪಶ್ಚಿಮಕ್ಕೆ ಹೊರಟ ಟ್ರಾಲ್ ಬೋಟು ಹತ್ತಾರು ಕಿಲೋಮೀಟರು ಹೋದರೂ ಅದರ ಕೆಳಗಿರುವುದು ಭೂಖಂಡದ ಚಾಚಿನ ಮಟ್ಟಸವಾದ ಕೆಸರುನೆಲ. ನೂರು ಮೀಟರ್ ಆಳ ಸಿಗಬೇಕಾದರೆ ಬಹಳ ದೂರ ಸಾಗಬೇಕು. ಇಲ್ಲಿಯಾದರೋ ಆಳದ ಕಮರಿಗಳು ದಡದ ಬುಡದವರೆಗೂ ಕೊರೆದುಕೊಂಡು ಬಂದಿವೆ. ಮೀನುಗಾರರು ಇವುಗಳನ್ನು ಅಯಿಗಾಮೆ ಎಂದು ಕರೆಯುತ್ತಾರೆ. ಬೆಟ್ಟದ ಹೊಳೆಗಳು ತಂದು ಸುರಿಯುವ ಮಣ್ಣು ಮರಳು ಇವುಗಳ ದಾರಿಯಾಗಿ ಕೆಳಗೆ ಸರಿಯುತ್ತದೆ. 2024ರ ಜನವರಿ 1ರ ನೋಟೊ ಭೂಕಂಪದಲ್ಲಿ ಕೊಲ್ಲಿಯೊಳಗಿನ ಇಳಿಜಾರುಗಳು ಕುಸಿದದ್ದು ಆಮೇಲಿನ ಸಮುದ್ರತಳ ಸಮೀಕ್ಷೆಯಲ್ಲಿ ಕಂಡುಬಂತು. ಆಳ ಸಮುದ್ರದ ಪ್ರಾಣಿಯೊಂದು ಊರಿನ ದೀಪಗಳು ಕಾಣುವಷ್ಟು ಹತ್ತಿರಕ್ಕೆ ಬರಲು ಈ ಕಮರಿಗಳೇ ಮುಖ್ಯ ಕಾರಣ. ಹೊತಾರು-ಇಕಾ ಜಪಾನ್ ಸಮುದ್ರದ ಉದ್ದಗಲಕ್ಕೂ, ಓಖೋಟ್ಸ್ಕ್ ಸಮುದ್ರದಲ್ಲೂ, ಜಪಾನಿನ ಪೆಸಿಫಿಕ್ ಬದಿಯಲ್ಲೂ ಇದೆ. ದಡದಲ್ಲಿ ನಿಂತವರ ಕಣ್ಣಿಗೆ ಬೀಳುವುದು ಮಾತ್ರ ಇಲ್ಲಿ.

ಸಂಜೆ ಬಂದರಿನ ಕಡೆ ನಡೆದು ಹೋದಾಗ ದಡದಿಂದ ಅಷ್ಟೇನೂ ದೂರವಲ್ಲದ ನೀರಿನಲ್ಲಿ ಬಲೆಯ ಬೆಂಡುಗಳ ಸಾಲು ಕಾಣಿಸಿತು. ಮಗಳು ಅದನ್ನು ನೋಡಿ, "ಅಮ್ಮ, ಆಳಸಮುದ್ರದ ಪ್ರಾಣಿ ಅಂದೆಯಲ್ಲ, ಬಲೆ ಇಷ್ಟು ಹತ್ತಿರ ಹಾಕಿದ್ದಾರೆ!" ಎಂದಳು. ಅವಳಿಗೆ ಮೇಲಿನ ಪಾಠವನ್ನೆಲ್ಲ ಅಲ್ಲೇ ಹೇಳಿ ಮುಗಿಸಿದೆ.

ಮಂಗಳವಾರ

ನಮೆರಿಕಾವಾದಲ್ಲಿ ಕಡಲಿಗೆ ಮುಖ ಮಾಡಿ ಹೊತಾರು-ಇಕಾ ವಸ್ತುಸಂಗ್ರಹಾಲಯವಿದೆ. ಒಂದೇ ಪ್ರಾಣಿಗಾಗಿ ಕಟ್ಟಿದ ಮ್ಯೂಸಿಯಂ ಎಂದರೆ ಅಂಗಡಿಯೊಂದಕ್ಕೆ ಅಂಟಿಸಿದ ಎರಡು ಕೋಣೆಗಳಿರಬಹುದೆಂದು ಊಹಿಸಿದ್ದೆ. ಇದು ಅದಕ್ಕಿಂತ ಬಹಳ ದೊಡ್ಡದು. ಸ್ಕ್ವಿಡ್ ಬರುವ ತಿಂಗಳುಗಳಲ್ಲಿ ಆ ದಿನ ಬೆಳಗ್ಗೆ ಹಿಡಿದ ಪ್ರಾಣಿಗಳನ್ನು ಇಲ್ಲಿ ಜೀವಂತ ತೋರಿಸುತ್ತಾರೆ.

ಮೊದಲು ಕಾಣುವುದು ಅದರ ಗಾತ್ರ. ದೇಹವನ್ನು ಸುತ್ತುವರಿದ ಮ್ಯಾಂಟಲ್ ಚೀಲದ ಉದ್ದ ಹೆಣ್ಣಿನಲ್ಲಿ 6ರಿಂದ 7 ಸೆಂಟಿಮೀಟರು, ಗಂಡಿನಲ್ಲಿ ಇನ್ನೂ ಕಡಿಮೆ. ಎಂಟು ತೋಳುಗಳು, ಅವುಗಳ ಜೊತೆಗೆ ಬೇಟೆ ಹಿಡಿಯಲು ಎರಡು ಉದ್ದನೆಯ ಗ್ರಾಹಕ ಬಾಹುಗಳು; ತೋಳುಗಳ ಮೇಲಿನ ಹೀರುಬಟ್ಟಲುಗಳ ನಡುವೆ ಚೂಪಾದ ಕೊಕ್ಕೆಗಳು. ನಮ್ಮಲ್ಲಿ ವಿದ್ಯಾರ್ಥಿಗಳು ಕೊಯ್ದು ನೋಡುತ್ತಿದ್ದ ಲೊಲೈಗೊ ಬಳಗದ ಸ್ಕ್ವಿಡ್‌ಗಳಲ್ಲಿ ಕಣ್ಣಿನ ಮೇಲೆ ಪಾರದರ್ಶಕ ಪೊರೆಯೊಂದು ಮುಚ್ಚಿಕೊಂಡಿರುತ್ತದೆ. ಹೊತಾರು-ಇಕಾ ಸೇರಿದ ಗುಂಪಿನಲ್ಲಿ ಆ ಪೊರೆ ಪೂರ್ತಿ ಮುಚ್ಚಿಲ್ಲ, ಕಣ್ಣಿನ ಮಸೂರಕ್ಕೆ ಸಮುದ್ರದ ನೀರು ನೇರವಾಗಿ ತಾಗುತ್ತದೆ. ತೆರೆದ ಕಡಲಿನ, ಆಳದ ಸ್ಕ್ವಿಡ್‌ಗಳಲ್ಲಿ ಬಹುಪಾಲು ಈ ಗುಂಪಿನವು.

ಭೂತಗನ್ನಡಿಯ ಕೆಳಗೆ ಇಟ್ಟಿದ್ದ ಮಾದರಿಯಲ್ಲಿ ಬೆಳಕಿನ ಅಂಗಗಳನ್ನು ನಿಧಾನವಾಗಿ ನೋಡಿದೆ. ಅವು ಮೂರು ಬಗೆ. ನಾಲ್ಕನೆಯ ಜೋಡಿ ತೋಳುಗಳ ತುದಿಯಲ್ಲಿ ತಲಾ ಮೂರು ದೊಡ್ಡ ಅಂಗಗಳು. ಇವುಗಳನ್ನು ಕಪ್ಪು ವರ್ಣಕೋಶಗಳ ಪೊರೆ ಮುಚ್ಚಿರುತ್ತದೆ, ಪೊರೆ ಸರಿದ ಕ್ಷಣ ಕಣ್ಣು ಕುಕ್ಕುವ ನೀಲಿ ಬೆಳಕು ಹೊರಬೀಳುತ್ತದೆ. ಪ್ರತಿಯೊಂದು ಕಣ್ಣಿನ ಕೆಳ ಅಂಚಿನಲ್ಲಿ ಐದೈದು ಅಂಗಗಳು. ಇವಲ್ಲದೆ ಹೊಟ್ಟೆಯ ಕಡೆಯ ಚರ್ಮದಲ್ಲೆಲ್ಲ, ತಲೆಯ ಅಡಿಭಾಗದಲ್ಲಿ, ತೋಳುಗಳ ಕೆಳಮೈಯಲ್ಲಿ ಹರಡಿರುವ ಸುಮಾರು ಒಂದು ಸಾವಿರ ಸಣ್ಣ ಚುಕ್ಕಿಗಳು. ಬೆನ್ನಿನ ಕಡೆ ಇಂಥ ಚುಕ್ಕಿಗಳು ಬಹುತೇಕ ಇಲ್ಲವೇ ಇಲ್ಲ. ಈ ಪ್ರಾಣಿಯ ಬೆಳಕಿನ ಬಗ್ಗೆ ಯೋಚಿಸುವವರು ಹಿಡಿಯಬೇಕಾದ ಎಳೆ ಇದೇ.

ಹಗಲಿನಲ್ಲಿ ಹೊತಾರು-ಇಕಾ 200ರಿಂದ 600 ಮೀಟರ್ ಆಳದಲ್ಲಿ ಇರುತ್ತದೆ. ಅಲ್ಲಿಗೆ ಮೇಲಿನಿಂದ ಇಳಿದುಬರುವುದು ಮಂಕಾದ ನೀಲಿ ಬೆಳಕು ಮಾತ್ರ. ಆದರೂ ಕೆಳಗಿನಿಂದ ಮೇಲಕ್ಕೆ ನೋಡುತ್ತ ಬರುವ ಬೇಟೆಗಾರ ಮೀನಿಗೆ ಅಷ್ಟೇ ಬೆಳಕು ಸಾಕು. ನಡುವೆ ತೇಲುವ ಯಾವ ಪ್ರಾಣಿಯಾದರೂ ಆ ಮಂಕು ಹಿನ್ನೆಲೆಯಲ್ಲಿ ಕಪ್ಪು ಆಕೃತಿಯಾಗಿ ಕಾಣಿಸುತ್ತದೆ. ಹೊತಾರು-ಇಕಾ ತನ್ನ ಹೊಟ್ಟೆಯ ಚುಕ್ಕಿಗಳನ್ನು ಮೇಲಿನ ಬೆಳಕಿನಷ್ಟೇ ಪ್ರಖರತೆಯಲ್ಲಿ ಉರಿಸಿ ಆ ಆಕೃತಿಯನ್ನು ಅಳಿಸಿಹಾಕುತ್ತದೆ. ಮೋಡ ಕವಿದರೆ, ಹೊತ್ತು ಇಳಿದರೆ, ಆಳ ಹೆಚ್ಚಾದರೆ ಅದಕ್ಕೆ ತಕ್ಕಂತೆ ಕಾಂತಿಯನ್ನೂ ತಗ್ಗಿಸಬೇಕಾಗುತ್ತದೆ. ಹೊಳೆಯುವ ಸ್ಕ್ವಿಡ್ ಎಂದು ಲೋಕಪ್ರಸಿದ್ಧವಾದ ಪ್ರಾಣಿಯ ಬೆಳಕಿನ ದಿನನಿತ್ಯದ ಕೆಲಸ ಕಾಣಿಸದಂತೆ ಇರುವುದು. ಮ್ಯೂಸಿಯಂನ ಫಲಕವೊಂದರಲ್ಲಿ ಇದನ್ನು ಚಿತ್ರದ ಮೂಲಕ ಚೆನ್ನಾಗಿ ವಿವರಿಸಿದ್ದರು. ಅದರ ಮುಂದೆ ನಿಲ್ಲುವವರು ಕಡಿಮೆ ಇದ್ದರು.

ಜನ ಸೇರುವುದು ಪ್ರದರ್ಶನಕ್ಕೆ. ಕತ್ತಲು ಮಾಡಿದ ಸಭಾಂಗಣದ ನಡುವಿನ ತೊಟ್ಟಿಯಲ್ಲಿ ಬಲೆ ಹಾಸಿರುತ್ತಾರೆ. ಪ್ರೇಕ್ಷಕರಲ್ಲಿ ಕೆಲವರನ್ನು ಕರೆದು ಬಲೆಯನ್ನು ಎತ್ತಿಸುತ್ತಾರೆ. ಬಲೆ ಮೈಗೆ ತಾಗಿದೊಡನೆ ಸ್ಕ್ವಿಡ್‌ಗಳ ತೋಳಿನ ತುದಿಗಳು ನೀಲಿಯಾಗಿ ಮಿನುಗತೊಡಗುತ್ತವೆ. ಆ ನೀಲಿಯನ್ನು ಕ್ಯಾಮೆರಾಗಳು ಇನ್ನಷ್ಟು ದಟ್ಟಮಾಡಿ ತೋರಿಸುತ್ತವೆಯೇ ಹೊರತು ಸುಳ್ಳು ಹೇಳುವುದಿಲ್ಲ, ಬರಿಗಣ್ಣಿಗೂ ಅದು ಚೂಪಾದ ನೀಲಿಯೇ. ನಾವು ನೋಡಿದ ಈ ಮಿನುಗು ಹೊಟ್ಟೆಯ ಬೆಳಕಿಗಿಂತ ಬೇರೆಯದು. ತೋಳಿನ ಬೆಳಕು ಅಪಾಯ ಎದುರಾದಾಗ ಶತ್ರುವನ್ನು ಬೆಚ್ಚಿಬೀಳಿಸಿ ದಿಕ್ಕು ತಪ್ಪಿಸಲು ಎಂದು ತಿಳಿದವರು ಹೇಳುತ್ತಾರೆ. ಬೇಟೆಯನ್ನು ಸೆಳೆಯಲೂ ಇರಬಹುದೆಂಬ ಅಭಿಪ್ರಾಯವಿದೆ. ಪ್ರದರ್ಶನದ ಸಂದರ್ಭದಲ್ಲಂತೂ ಅದು ಗಾಬರಿಯ ಬೆಳಕು ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಪಕ್ಕದಲ್ಲಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಬೆಳಕನ್ನು ಇದು ತಾನೇ ತಯಾರಿಸುತ್ತದೆ. ಹವಾಯಿಯ ಬಾಬ್‌ಟೇಲ್ ಸ್ಕ್ವಿಡ್ ತನ್ನ ಬೆಳಕಿನ ಅಂಗದಲ್ಲಿ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡು ಅವುಗಳ ಬೆಳಕನ್ನು ಬಳಸುತ್ತದೆ. ನಮ್ಮ ಕರಾವಳಿಯ ಬೊಂಡಾಸ್, ಅಂದರೆ ಯುರೊಟ್ಯೂಥಿಸ್ ಡುವಾಸೆಲಿ, ಕೂಡ ಈ ವಿಷಯದಲ್ಲಿ ಅದೇ ಸಾಲಿಗೆ ಸೇರುತ್ತದೆ: ಅದರ ಶಾಯಿಚೀಲದ ಮೇಲೆ ಒಂದು ಜೊತೆ ಬೆಳಕಿನ ಅಂಗಗಳಿವೆ, ಬೆಳಗುವುದು ಬ್ಯಾಕ್ಟೀರಿಯಾ. ಬಂದರಿನ ಧಕ್ಕೆಯಲ್ಲಿ ರಾಶಿ ಬಿದ್ದಿರುವ ಬೊಂಡಾಸನ್ನು ನೋಡುವವರು ಇದನ್ನು ಗಮನಿಸುವ ಸಂಭವ ಕಡಿಮೆ, ಶುಚಿ ಮಾಡುವಾಗ ಶಾಯಿಚೀಲವೇ ಮೊದಲು ಹೊರಗೆ ಹೋಗುತ್ತದೆ. ಹೊತಾರು-ಇಕಾದಲ್ಲಿ ಬಾಡಿಗೆಯ ಬೆಳಕಿಲ್ಲ. ಕೋಎಲೆಂಟೆರಜೀನ್ ಎಂಬ ಸಂಯುಕ್ತದ ಗಂಧಕಯುಕ್ತ ರೂಪವೊಂದು ಇದರ ಇಂಧನ. ಜೀವಕೋಶಗಳ ಶಕ್ತಿಯ ಅಣುವಾದ ಎಟಿಪಿ ಮತ್ತು ಆಮ್ಲಜನಕಗಳ ನೆರವಿನಿಂದ ಕಿಣ್ವವು ಅದನ್ನು ಉತ್ಕರ್ಷಿಸಿದಾಗ ಬೆಳಕು ಹುಟ್ಟುತ್ತದೆ.

ಕಣ್ಣು ಇನ್ನೂ ವಿಶೇಷವಾದದ್ದು. ಸ್ಕ್ವಿಡ್, ಆಕ್ಟೋಪಸ್, ಕಟಲ್‌ಫಿಶ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ದೃಷ್ಟಿವರ್ಣಕ ಇರುವುದರಿಂದ ಅವುಗಳಿಗೆ ಬಣ್ಣ ಬೇರ್ಪಡಿಸುವ ಶಕ್ತಿ ಇಲ್ಲವೆಂದು ಪಾಠ ಹೇಳುತ್ತಾ ಬಂದಿದ್ದೇವೆ. ಹೊತಾರು-ಇಕಾದ ಅಕ್ಷಿಪಟಲದಲ್ಲಿ ಮೂರು ವರ್ಣಕಗಳಿವೆ. ಅವು ಅತಿ ಹೆಚ್ಚು ಹೀರುವ ಬೆಳಕಿನ ತರಂಗಾಂತರಗಳು ಸುಮಾರು 470, 484 ಮತ್ತು 500 ನ್ಯಾನೊಮೀಟರುಗಳು. ಮೇಲಿನಿಂದ ಬರುವ ಬೆಳಕು ಬೀಳುವ, ಕಣ್ಣಿನ ಕೆಳಭಾಗದ ಅಕ್ಷಿಪಟಲದಲ್ಲಿ ಈ ವರ್ಣಕಗಳು ಬೇರೆ ಬೇರೆ ಪದರಗಳಲ್ಲಿ ಕೂತಿವೆ. ಮೇಲಿನ ಆಕಾಶದ ಬೆಳಕನ್ನೂ ಇನ್ನೊಂದು ಸ್ಕ್ವಿಡ್ಡಿನ ಹೊಟ್ಟೆಯ ಬೆಳಕನ್ನೂ ಪ್ರತ್ಯೇಕವಾಗಿ ಗುರುತಿಸಲು ಇದು ನೆರವಾಗಬಹುದೆಂಬ ಊಹೆ ನನಗೆ ಒಪ್ಪಿಗೆಯಾಗುತ್ತದೆ. ಮೀನಿನ ಕಣ್ಣಿಗೆ ಮಾಯವಾಗಿರುವ ಸಂಗಾತಿ ತನ್ನವರ ಕಣ್ಣಿಗಾದರೂ ಕಾಣಬೇಕಲ್ಲ.

ಈ ಪ್ರಾಣಿಗೆ ಹೊತಾರು-ಇಕಾ ಎಂದು ಹೆಸರಿಟ್ಟವರು ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ವಾತಾಸೆ ಶೋಜಾಬುರೊ. ಅವರು 1905ರಲ್ಲಿ ಇಲ್ಲಿಗೆ ಬಂದು ಅಧ್ಯಯನ ಮಾಡುವ ಮುಂಚೆ ಸ್ಥಳೀಯರು ಇದನ್ನು ಮಾತ್ಸು-ಇಕಾ ಎನ್ನುತ್ತಿದ್ದರು. 1911ರಲ್ಲಿ ಅಮೆರಿಕದ ಬೆರ್ರಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು, ಆಮೇಲೆ ಇದಕ್ಕಾಗಿಯೇ ಮಾಡಿದ ಕುಲದ ಹೆಸರಿನಲ್ಲಿ ವಾತಾಸೆ ಉಳಿದುಕೊಂಡರು. ಅವರ ಇನ್ನೊಂದು ಕೆಲಸ ಅಷ್ಟು ಹೊಗಳಿಕೆಗೆ ಅರ್ಹವಲ್ಲ. 1910ರಲ್ಲಿ ಗಂಗಾ ನದಿಯ ಮುಖಜ ಪ್ರದೇಶದಿಂದ ಮುಂಗುಸಿಗಳನ್ನು ತರಿಸಿ ಒಕಿನಾವಾ ದ್ವೀಪದಲ್ಲಿ ಬಿಡಿಸಿದವರೂ ಇವರೇ. ಹಾಬು ಎಂಬ ವಿಷದ ಹಾವನ್ನೂ ಇಲಿಗಳನ್ನೂ ಅವು ಹಿಡಿಯಲಿ ಎಂಬುದು ಉದ್ದೇಶ. ಹಾಬು ರಾತ್ರಿ ಸಂಚಾರಿ, ಮುಂಗುಸಿ ಹಗಲಿನದು. ಪರಸ್ಪರ ಭೇಟಿಯೇ ಅಪರೂಪವಾಗಿ, ಮುಂಗುಸಿಗಳು ದ್ವೀಪದ ಹಕ್ಕಿಗಳನ್ನೂ ಇತರ ಸಣ್ಣ ಪ್ರಾಣಿಗಳನ್ನೂ ತಿಂದು ಹೆಚ್ಚಿದವು. ಸಂಜೆಗತ್ತಲಲ್ಲಿ ಕಡಲ ಪ್ರಾಣಿಯ ಜೀವನಕ್ರಮವನ್ನು ಅಷ್ಟು ಎಚ್ಚರದಿಂದ ಗಮನಿಸಿದವರು ಹಾವು ಮುಂಗುಸಿಗಳ ದಿನಚರಿಯನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೋ.

ಬುಧವಾರ

ಸ್ಕ್ವಿಡ್ ಹಿಡಿಯುವುದನ್ನು ನೋಡಲು ಪ್ರವಾಸಿಗರನ್ನು ಕರೆದೊಯ್ಯುವ ನಸುಕಿನ ದೋಣಿ ಅಲೆಯ ಅಬ್ಬರದಿಂದ ಹೊರಡಲಿಲ್ಲ. ಇಲ್ಲಿ ಇದು ಮಾಮೂಲು.

ಹಗಲಿನಲ್ಲಿ ಉಓಜು ಪಟ್ಟಣಕ್ಕೆ ಹೋಗಿಬಂದೆವು. ಅಲ್ಲಿನ ಜಲಚರಾಲಯ 1913ರಲ್ಲಿ ಆರಂಭವಾದದ್ದು. ಅಷ್ಟೇ ಆಸಕ್ತಿ ಹುಟ್ಟಿಸಿದ್ದು ಹೂತುಹೋದ ಕಾಡಿನ ವಸ್ತುಸಂಗ್ರಹಾಲಯ: ಸುಮಾರು 2,000 ವರ್ಷಗಳ ಹಿಂದೆ ಇಲ್ಲಿ ಬೆಳೆದಿದ್ದ ಸೀಡರ್ ಮರಗಳ ಬೃಹತ್ ಬೇರುಗಳನ್ನು ಅವು ಸಿಕ್ಕ ಸ್ಥಳದಲ್ಲೇ ನೀರಿನೊಳಗೆ ಉಳಿಸಿ ತೋರಿಸುತ್ತಾರೆ. ಕೊಳೆಯದೆ ಅವು ಉಳಿಯಲು ನೆರವಾದದ್ದು ಬೆಟ್ಟದ ಹಿಮ ಕರಗಿ ನೆಲದಡಿಯಲ್ಲಿ ಹರಿದು ಬರುವ ತಣ್ಣನೆಯ ಸಿಹಿನೀರು. ಕೊಲ್ಲಿಯ ನೀರನ್ನು ಅರ್ಥಮಾಡಿಕೊಳ್ಳಲು ಈ ಭೇಟಿ ಉಪಯೋಗಕ್ಕೆ ಬಂತು. ಇಲ್ಲಿ ನೀರು ಮೂರು ಪದರಗಳಾಗಿ ನಿಂತಿದೆ. ಮೇಲ್ಮೈಯಲ್ಲಿ ಹೊಳೆಗಳು ತಂದ ಸಿಹಿನೀರು ಬೆರೆತ ತೆಳುಪದರ, ಅದರ ಕೆಳಗೆ ದಕ್ಷಿಣದಿಂದ ಬರುವ ಸುಶಿಮಾ ಬೆಚ್ಚನೆ ಪ್ರವಾಹ, ಸುಮಾರು 300 ಮೀಟರಿನ ಕೆಳಗೆ ಜಪಾನ್ ಸಮುದ್ರದ್ದೇ ಆದ ಶೀತಜಲ. ಜಪಾನ್ ಸಮುದ್ರವನ್ನು ಹೊರಗಿನ ಸಾಗರಕ್ಕೆ ಜೋಡಿಸುವ ಜಲಸಂಧಿಗಳೆಲ್ಲ ಆಳವಿಲ್ಲದವು. ಹಾಗಾಗಿ ಒಳಗಿನ ಆಳದ ನೀರು ಹೊರಗಿನದರೊಡನೆ ಬೆರೆಯದೆ, ಉತ್ತರದ ಚಳಿಯಲ್ಲಿ ತಣಿದು ಮುಳುಗಿದ ನೀರಿನಿಂದಲೇ ತುಂಬಿಕೊಂಡಿದೆ. ನಮೆರಿಕಾವಾದಲ್ಲಿ 333 ಮೀಟರ್ ಆಳದಿಂದ ಈ ನೀರನ್ನು ಕೊಳವೆಯ ಮೂಲಕ ಮೇಲೆತ್ತುತ್ತಾರೆ. ಮ್ಯೂಸಿಯಂನಲ್ಲಿ ಅದಕ್ಕೆ ಕೈಹಾಕಲು ಬಿಡುತ್ತಾರೆ. ನಿನ್ನೆ ಕೈಯಿಟ್ಟಿದ್ದೆ, ಹೆಚ್ಚು ಹೊತ್ತು ತಡೆಯಲಾಗಲಿಲ್ಲ.

ಹೊತಾರು-ಇಕಾ ಹಗಲನ್ನು ಆ ಶೀತದಲ್ಲಿ ಕಳೆದು, ಕತ್ತಲಾದ ಮೇಲೆ ಬೆಚ್ಚನೆಯ ಮೇಲ್ಪದರಕ್ಕೆ ಏರುತ್ತದೆ. ಅದರ ಆಹಾರವಾದ ಪುಟ್ಟ ಕಠಿಣಚರ್ಮಿಗಳು ಹಾಗೂ ಇತರ ಪ್ಲವಕಗಳು ರಾತ್ರಿ ಮೇಲಕ್ಕೆ ಬರುವುದರಿಂದ ಈ ಏರುವಿಕೆ ಆಹಾರಕ್ಕೂ ಹೌದು. ವಸಂತದಲ್ಲಿ ಹೆಣ್ಣುಗಳಿಗೆ ಮೊಟ್ಟೆಯಿಡುವ ಉದ್ದೇಶವೂ ಸೇರಿಕೊಳ್ಳುತ್ತದೆ. ನೂರಾರು ಮೀಟರುಗಳ ಈ ಪಯಣದಲ್ಲಿ ನೀರಿನ ಒತ್ತಡ ಹತ್ತಾರು ಪಟ್ಟು ಬದಲಾಗುತ್ತದೆ, ಉಷ್ಣತೆ ಎಂಟು ಹತ್ತು ಡಿಗ್ರಿಗಳಷ್ಟು ಏರುತ್ತದೆ. ಏಳು ಸೆಂಟಿಮೀಟರಿನ ದೇಹ ಇದನ್ನು ಪ್ರತಿರಾತ್ರಿ ತಾಳಿಕೊಳ್ಳುವುದು ಬೆಳಕು ಬೀರುವುದಕ್ಕಿಂತ ಕಡಿಮೆ ಸಾಹಸವೇನಲ್ಲ.

ಗುರುವಾರ

ಗಾಳಿ ಇಳಿದಿತ್ತು. ಮಧ್ಯರಾತ್ರಿ ಕಳೆದ ಮೇಲೆ ಎದ್ದು ಬಂದರಿಗೆ ಹೋದೆವು, ಮೂರು ಗಂಟೆಯ ಹೊತ್ತಿಗೆ ಲೈಫ್ ಜಾಕೆಟ್ ತೊಡಿಸಿ ದೋಣಿ ಬಿಟ್ಟರು. "ಅಮ್ಮ, ಇನ್ನೊಂದು ಸ್ವೆಟರ್ ಹಾಕಿಕೊ, ಆಮೇಲೆ ಕೇಳಿದರೆ ಸಿಗುವುದಿಲ್ಲ" ಎಂದು ಮಗಳು ಒತ್ತಾಯ ಮಾಡಿದ್ದು ಒಳ್ಳೆಯದೇ ಆಯಿತು. ಅಮಾವಾಸ್ಯೆ ಸಮೀಪದ ರಾತ್ರಿಯಾದ್ದರಿಂದ ಚಂದ್ರನಿರಲಿಲ್ಲ. ಊರಿನ ದೀಪಗಳ ಸಾಲು ಹಿಂದೆ ಸರಿಯಿತು.

ಬಲೆಯ ಬಳಿ ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಲ್ಲಿ ಬಳಸುವುದು ತೇಚಿ-ಅಮಿ, ಅಂದರೆ ಒಂದೇ ಜಾಗದಲ್ಲಿ ಋತುವಿಡೀ ಕಟ್ಟಿಟ್ಟ ಬಲೆ. ದಡಕ್ಕೆ ಅಡ್ಡಲಾಗಿ ಗೋಡೆಯಂತೆ ಇಳಿಬಿಟ್ಟ ಉದ್ದನೆಯ ಬೇಲಿಬಲೆ ಸ್ಕ್ವಿಡ್‌ಗಳ ದಾರಿಯನ್ನು ತಡೆಯುತ್ತದೆ; ಅದರ ಗುಂಟ ಸಾಗುತ್ತ ಅವು ಕೊನೆಯಲ್ಲಿರುವ ಚೀಲಬಲೆಯೊಳಗೆ ಬಂದು ಸೇರುತ್ತವೆ. ನನಗೆ ಬಹಳ ಹಿಡಿಸಿದ ಸಂಗತಿ ಎಂದರೆ ಚೀಲದ ಬಾಯಿ ತೆರೆದುಕೊಂಡಿರುವುದು ದಡದ ಕಡೆಗೆ. ರಾತ್ರಿ ದಡದ ಸಮೀಪಕ್ಕೆ ಬಂದು ಮೊಟ್ಟೆಯಿಟ್ಟು, ಬೆಳಕು ಹರಿಯುವ ಮುಂಚೆ ಆಳಕ್ಕೆ ಮರಳುವ ಹೆಣ್ಣುಗಳು ಈ ಬಲೆಗೆ ಬೀಳುತ್ತವೆ. ಬರುವ ದಾರಿಯಲ್ಲಲ್ಲ, ಹೋಗುವ ದಾರಿಯಲ್ಲಿ ಹಿಡಿಯುವ ಈ ಕ್ರಮದಿಂದ ಮುಂದಿನ ವರ್ಷದ ಪೀಳಿಗೆಯ ಒಂದು ಪಾಲಾದರೂ ನೀರಿನಲ್ಲಿ ಉಳಿಯುತ್ತದೆ. ಬೇಲಿಬಲೆಗೆ ಭತ್ತದ ಹುಲ್ಲಿನ ಹುರಿಯನ್ನು ಬಳಸುವ ರೂಢಿ ಇಲ್ಲಿದೆ. ಋತು ಮುಗಿದ ಮೇಲೆ ಅದನ್ನು ಕತ್ತರಿಸಿ ಸಮುದ್ರಕ್ಕೇ ಬಿಟ್ಟರೆ ಅದು ತಳದಲ್ಲಿ ಕೊಳೆತು ಮೀನುಮರಿಗಳಿಗೆ ಆಸರೆಯಾಗುತ್ತದಂತೆ. ನೈಲಾನ್ ಬಲೆಯ ತುಂಡುಗಳು ಕೈರಂಪಣಿಯಲ್ಲಿ, ಅಂದರೆ ದಡದಿಂದ ಕೈಯಲ್ಲೇ ಎಳೆಯುವ ಬಲೆಯಲ್ಲಿ, ಮೀನಿನೊಂದಿಗೆ ದಡಕ್ಕೆ ಬರುವುದನ್ನು ನೋಡಿದವಳಿಗೆ ಇದು ಅಸೂಯೆ ಹುಟ್ಟಿಸುವ ವಿಚಾರ. ಸ್ಕ್ವಿಡ್ಡನ್ನು ಸೆಳೆಯಲು ಇಲ್ಲಿ ದೀಪ ಹಚ್ಚುವುದೂ ಇಲ್ಲ. ಪ್ರಖರ ಎಲ್‌ಇಡಿ ದೀಪ ಬಿಟ್ಟು ಮೀನು ಬೊಂಡಾಸ್‌ಗಳನ್ನು ಗುಂಪುಗೂಡಿಸಿ ಹಿಡಿಯುವುದನ್ನು ಭಾರತ ಸರಕಾರ 2017ರಲ್ಲಿ ನಿಷೇಧಿಸಿದೆ, ನಮ್ಮ ಬಂದರುಗಳಲ್ಲಿ ಅದರ ಮೇಲಿನ ಜಗಳ ಇನ್ನೂ ನಿಂತಿಲ್ಲ.

ಎರಡು ಮೀನುಗಾರಿಕಾ ದೋಣಿಗಳು ಬಲೆಯ ಎರಡು ಬದಿಯಲ್ಲಿ ನಿಂತು ಎಳೆಯಲಾರಂಭಿಸಿದವು. ಬಲೆ ಕಿರಿದಾಗುತ್ತ ಬಂದು ಚೀಲದ ತಳ ಮೇಲೇರುವ ಹೊತ್ತಿಗೆ ಯಾರೋ ಕೂಗಿದರು, ದೋಣಿಗಳ ದೀಪಗಳೆಲ್ಲ ಆರಿದವು. ನೀರು ನೀಲಿಯಾಗಿ ಉರಿಯಿತು. ಒಂದೊಂದು ಚುಕ್ಕಿಯೂ ಪ್ರತ್ಯೇಕವಾಗಿ ಕಾಣಿಸುತ್ತಿದ್ದುದು ಮೊದಲ ಕೆಲವು ಕ್ಷಣ ಮಾತ್ರ. ಬಲೆ ಇನ್ನಷ್ಟು ಬಿಗಿಯಾದಂತೆ ಅವೆಲ್ಲ ಕೂಡಿಕೊಂಡು ಅಂಚಿಲ್ಲದ ಒಂದು ಹೊಳಪಾಯಿತು. ಬಲೆಯಿಂದ ತಪ್ಪಿಸಿಕೊಂಡ ಕೆಲವು ಸ್ಕ್ವಿಡ್‌ಗಳು ನಮ್ಮ ದೋಣಿಯ ಪಕ್ಕದಲ್ಲಿ ಚಿಮ್ಮಿ ಹೋದಾಗ ನೀಲಿ ಗೀರುಗಳು ಉಳಿದು ಮಾಯವಾದವು. ನೋಡಿದ್ದು ಸುಂದರವಾಗಿತ್ತು ಎಂದು ಬರೆಯಲು ನನಗೇನೂ ಸಂಕೋಚವಿಲ್ಲ. ಆದರೆ ಆಳದಲ್ಲಿ ಇದೇ ಪ್ರಾಣಿ ತನ್ನ ಬೆಳಕನ್ನು ಎಷ್ಟು ಮಿತವಾಗಿ, ಎಷ್ಟು ಅಳೆದು ಬಳಸುತ್ತದೆ ಎಂದು ಮೊನ್ನೆ ಓದಿಕೊಂಡ ಮೇಲೆ, ಈ ಬೆಳಕು ಅದರ ಬದುಕಿನ ಚಿತ್ರವಲ್ಲ ಎಂಬ ಅರಿವು ತಲೆಯಲ್ಲಿ ಕೂತಿತ್ತು. ಹೊಟ್ಟೆಯ ಬೆಳಕನ್ನು ಅದು ಕೆಲಸ ಮಾಡುವ ಸ್ಥಳದಲ್ಲಿ ಯಾರಾದರೂ ಸರಿಯಾಗಿ ನೋಡಿದರೆ, ಆ ವೀಕ್ಷಕರಿಗೆ ಏನೂ ಕಾಣಿಸಬಾರದು.

ಕೊಲ್ಲಿಯ ಈ ಭಾಗಕ್ಕೆ ಕಾನೂನಿನ ರಕ್ಷಣೆಯಿದೆ. ಉಓಜುವಿನಿಂದ ನಮೆರಿಕಾವಾ ದಾಟಿ ಸುಮಾರು 15 ಕಿಲೋಮೀಟರು ಉದ್ದಕ್ಕೆ, ದಡದಿಂದ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚಿನ ದೂರದವರೆಗಿನ ನೀರನ್ನು 1922ರಲ್ಲಿ ನೈಸರ್ಗಿಕ ಸ್ಮಾರಕವೆಂದೂ, 1952ರಲ್ಲಿ ವಿಶೇಷ ನೈಸರ್ಗಿಕ ಸ್ಮಾರಕವೆಂದೂ ಘೋಷಿಸಿದರು. ಘೋಷಣೆ ಮಾಡಿದ್ದು ಹೊತಾರು-ಇಕಾ ಗುಂಪುಗೂಡುವ ಸಮುದ್ರದ ಮೇಲ್ಮೈಯನ್ನು, ಪ್ರಾಣಿಯನ್ನಲ್ಲ. ಹಾಗಾಗಿಯೇ ಸ್ಮಾರಕದೊಳಗೆ ಬಲೆ ಎಳೆದು, ಹಿಡಿದದ್ದನ್ನು ಬೇಯಿಸಿ ತಿನ್ನುವುದಕ್ಕೆ ಅಡ್ಡಿಯಿಲ್ಲ.

ಬಂದರಿಗೆ ಮರಳಿದಾಗ ಬೆಳಕು ಹರಿದಿತ್ತು. ಬುಟ್ಟಿಗಳಲ್ಲಿ ಇಳಿಸಿದ ಸ್ಕ್ವಿಡ್‌ಗಳು ಕಂದುಗೆಂಪು ಬಣ್ಣ ತಾಳಿದ್ದವು. ಅವುಗಳಲ್ಲಿ ಗಂಡು ಎಷ್ಟು ಎಂದು ಮಗಳಿಂದ ಕೇಳಿಸಿದಾಗ ಮೀನುಗಾರರೊಬ್ಬರು ನಕ್ಕು, "ಎಲ್ಲವೂ ಹೆಂಗಸರೇ" ಎಂದರು. ಇದು ಉತ್ಪ್ರೇಕ್ಷೆಯಲ್ಲ. ಕೂಡುವಿಕೆ ಚಳಿಗಾಲದ ಕೊನೆಯಲ್ಲೇ ಮುಗಿದು, ಗಂಡುಗಳು ಮೊದಲೇ ಸತ್ತುಹೋಗುತ್ತವೆ. ಹೆಣ್ಣುಗಳು ಗಂಡಿನಿಂದ ಪಡೆದ ವೀರ್ಯದ ಪೊಟ್ಟಣಗಳನ್ನು ಕುತ್ತಿಗೆಯ ಭಾಗದಲ್ಲಿ ಕಾಪಾಡಿಕೊಂಡು, ವಾರಗಟ್ಟಲೆ ಕಳೆದ ಮೇಲೆ ಮೊಟ್ಟೆಗಳಿಗೆ ಬಳಸುತ್ತವೆ. ಹೆಣ್ಣು ಸ್ಕ್ವಿಡ್‌ಗಳು ಹಲವು ಗಂಡುಗಳೊಡನೆ ಕೂಡುವುದು ಸಾಮಾನ್ಯ. ಹೊತಾರು-ಇಕಾ ಇದಕ್ಕೆ ಅಪವಾದ. ಹೆಣ್ಣುಗಳಲ್ಲಿ ಸಂಗ್ರಹವಾದ ವೀರ್ಯವನ್ನು ಜಪಾನಿನ ವಿಜ್ಞಾನಿಗಳು ವಂಶವಾಹಿ ಪರೀಕ್ಷೆಗೆ ಒಡ್ಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 95 ಶೇಕಡಾ ಹೆಣ್ಣುಗಳು ಒಂದೇ ಗಂಡಿನ ವೀರ್ಯವನ್ನು ಹೊತ್ತಿದ್ದವು. ಇಡೀ ಆಯುಷ್ಯವೇ ಒಂದು ವರ್ಷವಾದ ಪ್ರಾಣಿಯಲ್ಲಿ, ಗಂಡುಗಳು ತಾವು ಬಲಿಯುವ ಹೊತ್ತಿಗೆ ಇನ್ನೂ ಬಲಿಯದ ಹೆಣ್ಣುಗಳಿಗೇ ವೀರ್ಯ ಒಪ್ಪಿಸಿ ಹೋಗುತ್ತವೆ.

ಮಧ್ಯಾಹ್ನದ ಊಟಕ್ಕೆ ಬೇಯಿಸಿದ ಹೊತಾರು-ಇಕಾ ಬಂತು. ಬೆಂದಾಗ ಅದು ಉಬ್ಬಿ ಕಡುಗೆಂಪಾಗುತ್ತದೆ. ಕಣ್ಣು, ಕೊಕ್ಕು ಮತ್ತು ಬೆನ್ನಿನೊಳಗಿನ ಪಾರದರ್ಶಕ ಕಡ್ಡಿ, ಈ ಮೂರನ್ನು ಚಿಮುಟದಿಂದ ಕೀಳಿ, ಹುಳಿ ಬೆರೆಸಿದ ಮಿಸೊದಲ್ಲಿ, ಅಂದರೆ ಹುದುಗಿಸಿದ ಸೋಯಾ ಗೊಜ್ಜಿನಲ್ಲಿ, ಅದ್ದಿ ತಿನ್ನುತ್ತಾರೆ. ಒಳಾಂಗಗಳ ಸಮೇತ ತಿನ್ನುವುದರಿಂದ ರುಚಿ ಗಾಢ, ಏಡಿಯ ಒಳಭಾಗದ ರುಚಿ ನೆನಪಾಗುತ್ತದೆ. ಹಸಿಯಾಗಿ ತಿನ್ನುವವರಿಗೆ ಮಾತ್ರ ಇಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಇದೆ. ಒಳಾಂಗಗಳಲ್ಲಿ ಇರಬಹುದಾದ ದುಂಡುಹುಳುವಿನ ಮರಿಗಳು ಮನುಷ್ಯನ ಕರುಳನ್ನೂ ಚರ್ಮವನ್ನೂ ಬಾಧಿಸುತ್ತವೆ; ಆದ್ದರಿಂದ ಒಳಾಂಗ ತೆಗೆಯಬೇಕು, ಇಲ್ಲವೇ ಮೈನಸ್ 30 ಡಿಗ್ರಿಯಲ್ಲಿ ನಾಲ್ಕು ದಿನ ಹೆಪ್ಪುಗಟ್ಟಿಸಬೇಕು, ಇಲ್ಲವೇ ಬೇಯಿಸಬೇಕು. ನಾನು ಬೇಯಿಸಿದ್ದಕ್ಕೇ ನಿಷ್ಠಳಾದೆ.

ಶುಕ್ರವಾರ

ರಾತ್ರಿ ತೊಯಾಮಾ ನಗರದ ಯಾಏಜು-ಹಾಮಾ ಎಂಬ ಮರಳ ದಡಕ್ಕೆ ಹೋದೆವು. ವಸಂತದಲ್ಲಿ, ಅದರಲ್ಲೂ ಅಮಾವಾಸ್ಯೆಯ ಆಸುಪಾಸಿನ ಶಾಂತ ರಾತ್ರಿಗಳಲ್ಲಿ, ಹೊತಾರು-ಇಕಾಗಳು ಅಲೆಗಳೊಂದಿಗೆ ದಡಕ್ಕೆ ಬಂದು ಬೀಳುತ್ತವೆ. ಇದನ್ನು ಮಿನಾಗೆ ಎನ್ನುತ್ತಾರೆ, ತಾನಾಗಿ ಪ್ರಾಣ ಕೊಡುವುದು ಎಂಬ ಅರ್ಥದಲ್ಲಿ. ದಡದಲ್ಲಿ ನಾವು ಕಂಡ ಬೆಳಕೆಲ್ಲ ಮನುಷ್ಯರದು: ಎದೆಯವರೆಗಿನ ರಬ್ಬರ್ ಉಡುಪು, ಹಣೆಗೆ ದೀಪ, ಕೈಯಲ್ಲಿ ಉದ್ದ ಹಿಡಿಯ ಬುಟ್ಟಿಬಲೆ. ಕುಟುಂಬಗಳು, ಕಾಲೇಜು ಹುಡುಗರು, ಕುರ್ಚಿ ಹಾಕಿ ಚಹಾ ಕುಡಿಯುತ್ತಾ ಕಾಯುವ ಹಿರಿಯರು.

ಹನ್ನೊಂದು ಗಂಟೆಯವರೆಗೂ ಯಾರ ಬಕೆಟ್ಟಿನಲ್ಲೂ ಹೆಚ್ಚೇನೂ ಇರಲಿಲ್ಲ. ಆಮೇಲೆ ನೀರಿನಂಚಿನಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕಿ ಕಾಣಿಸಿಕೊಂಡಿತು, ಒಡನೆ ಎಲ್ಲ ಹಣೆದೀಪಗಳೂ ಅತ್ತ ಓಡಿದವು. ಚಂದ್ರನ ಬೆಳಕಿನಿಂದ ದಿಕ್ಕು ತಿಳಿಯುವ ಸ್ಕ್ವಿಡ್‌ಗಳು ಚಂದ್ರನಿಲ್ಲದ ರಾತ್ರಿ ದಡ ಯಾವುದು ಆಳ ಯಾವುದು ಎಂದು ಗೊತ್ತಾಗದೆ ಸಿಕ್ಕಿಬೀಳುತ್ತವೆ ಎಂಬುದು ಹೆಚ್ಚು ಪ್ರಚಾರದಲ್ಲಿರುವ ವಿವರಣೆ. ನನಗೆ ಅದೊಂದೇ ಸಾಲದೆನಿಸಿತು. ಇಳಿಜಾರು ಇಷ್ಟು ಕಡಿದಾಗಿರುವಲ್ಲಿ ದಡದ ಅಂಚಿನಿಂದ ಕೆಲವೇ ನೂರು ಮೀಟರಿಗೆ ಆಳ ಸಿಗುತ್ತದೆ. ದಿಕ್ಕು ತಪ್ಪಲು ಬೇಕಾದ ದೂರವೇ ಕಡಿಮೆ. ಮೊಟ್ಟೆಯಿಟ್ಟು ಸೊರಗಿದ, ಆಯುಷ್ಯದ ಕೊನೆಯ ವಾರಗಳಲ್ಲಿರುವ ಹೆಣ್ಣುಗಳಿಗೆ ಮೆಲ್ಲನೆಯ ದಡಮುಖಿ ಹರಿವನ್ನೂ ಎದುರಿಸಿ ಈಜಲಾಗದಿರುವುದೂ ಲೆಕ್ಕಕ್ಕೆ ಬರಬೇಕು. ಮಗಳು ಎತ್ತಿ ತಂದ ಒಂದನ್ನು ಅಂಗೈಯಲ್ಲಿ ನೀರಿನೊಡನೆ ಹಿಡಿದು ನೋಡಿದೆ; ತೋಳಿನ ತುದಿ ಎರಡು ಸಲ ಮಿನುಗಿತು. ಅದನ್ನು ನೀರಿಗೆ ಬಿಟ್ಟೆವು, ಮುಂದಿನ ಅಲೆ ಅದನ್ನು ಮತ್ತೆ ದಡಕ್ಕೇ ತಂದಿತು. ಪಕ್ಕದಲ್ಲಿದ್ದ ಹುಡುಗ ಬಹಳ ವಿನಯದಿಂದ ಅನುಮತಿ ಕೇಳಿ ತನ್ನ ಬಕೆಟ್ಟಿಗೆ ಹಾಕಿಕೊಂಡ.

ಇವು ಬಿಟ್ಟುಹೋಗುವ ಮೊಟ್ಟೆಗಳು ಸುಮಾರು ಒಂದೂವರೆ ಮಿಲಿಮೀಟರಿನವು. ಬೊಂಡಾಸ್ ತನ್ನ ಮೊಟ್ಟೆಗಳನ್ನು ಬೆರಳಿನಾಕಾರದ ಲೋಳೆಕೋಶಗಳಲ್ಲಿ ತುಂಬಿ ಸಮುದ್ರತಳಕ್ಕೆ ಅಂಟಿಸುತ್ತದೆ. ಹೊತಾರು-ಇಕಾ ಹಾಗೆ ಮಾಡುವುದಿಲ್ಲ, ತೆಳುವಾದ ಲೋಳೆಯ ಎಳೆಯಲ್ಲಿ ಸಾಲಾಗಿ ಮೊಟ್ಟೆಗಳನ್ನು ನೀರಿಗೇ ಬಿಡುತ್ತದೆ. ಎಳೆ ಬೇಗನೆ ಹರಿದು ಮೊಟ್ಟೆಗಳು ಒಂಟಿಯಾಗಿ ತೇಲುತ್ತ ಸಾಗುತ್ತವೆ. ನೀರಿನ ಉಷ್ಣತೆಗೆ ಅನುಗುಣವಾಗಿ ಒಂದೆರಡು ವಾರದೊಳಗೆ ಮರಿಗಳು ಹೊರಬಂದು, ಪ್ರವಾಹದೊಂದಿಗೆ ಕೊಲ್ಲಿಯಿಂದಾಚೆಗೆ ಚದರಿಹೋಗುತ್ತವೆ. ಮರುವರ್ಷ ಇಲ್ಲಿಗೆ ಬರುವವು ಇಲ್ಲೇ ಹುಟ್ಟಿದವಾಗಿರಬೇಕೆಂದೇನೂ ಇಲ್ಲ.

ಶನಿವಾರ

ಟೋಕಿಯೊಗೆ ಮರಳಿ ಮನೆಯ ಹತ್ತಿರದ ಮೀನಿನ ಅಂಗಡಿಗೆ ಹೋದಾಗ ಬೇಯಿಸಿದ ಹೊತಾರು-ಇಕಾದ ಎರಡು ಬಗೆಯ ತಟ್ಟೆಗಳಿದ್ದವು, ತೊಯಾಮಾದ್ದು ಮತ್ತು ಹ್ಯೋಗೊ ಪ್ರಾಂತದ್ದು. ಹೆಸರು ತೊಯಾಮಾದ್ದಾದರೂ ಹೆಚ್ಚು ಪ್ರಮಾಣದಲ್ಲಿ ಹಿಡಿಯುವುದು ಪಶ್ಚಿಮದ ಹ್ಯೋಗೊದವರು. ಅವರು ಹಗಲಿನಲ್ಲೇ, ಸ್ಕ್ವಿಡ್‌ಗಳು ಆಳದಲ್ಲಿ ತಂಗಿರುವಾಗಲೇ, ತಳದ ಟ್ರಾಲ್ ಬಲೆಯಿಂದ ಎತ್ತುತ್ತಾರೆ. ತೊಯಾಮಾದವು ತುಂಬಿಕೊಂಡು ದೊಡ್ಡದಾಗಿದ್ದವು, ಬೆಲೆಯೂ ಅದಕ್ಕೆ ತಕ್ಕಂತೆ, ಹ್ಯೋಗೊದವು ಸಣ್ಣವು. ಮಗಳು ದೊಡ್ಡದನ್ನೇ ಆರಿಸಿದಳು. ಹ್ಯೋಗೊದ್ದೂ ಒಂದು ತಟ್ಟೆ ಇರಲಿ ಎಂದು ನಾನು ಹೇಳಿದೆ, ಆಳದಲ್ಲಿ ಹಿಡಿದದ್ದರಲ್ಲಿ ಗಂಡುಗಳೇನಾದರೂ ಉಳಿದಿರಬಹುದೇ ಎಂಬ ಕುತೂಹಲಕ್ಕೆ. ಗಂಡಿನ ನಾಲ್ಕನೆಯ ಜೋಡಿಯ ಒಂದು ತೋಳು ವೀರ್ಯದ ಪೊಟ್ಟಣ ಸಾಗಿಸಲು ಮಾರ್ಪಟ್ಟಿರುವುದರಿಂದ ಗುರುತು ಹಿಡಿಯುವುದು ಕಷ್ಟವಲ್ಲ. ಊಟದ ಮೇಜಿನ ಮೇಲೆ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದೆ. ಆ ತಟ್ಟೆಯಲ್ಲೂ ಎಲ್ಲವೂ ಹೆಣ್ಣುಗಳೇ ಆಗಿದ್ದವು. ಫೆಬ್ರವರಿಯಲ್ಲಿ ಹಿಡಿದದ್ದು ಸಿಕ್ಕರೆ ತೆಗೆದಿಡು ಎಂದು ಮಗಳಿಗೆ ಹೇಳಿದ್ದೇನೆ.